ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ!

ಮಂಜುಗಡಲು ದಾಟಿದ ಮುದುಕರು ಪದಕಕ್ಕಾಗಿ 70 ವರ್ಷ ಕಾದ ಕಥೆ

ಮಾಲು ತಲುಪಿಸಿದವನು ಒಬ್ಬ. ಮಾಲು ಪಡೆದವನು ಇನ್ನೊಬ್ಬ. ಪಡೆದವನು ಬಹಳ ವರ್ಷದ ಮೇಲೆ ನೆನಪು ಮಾಡಿಕೊಂಡು, ‘ಅವತ್ತು ಜೀವ ಒತ್ತೆ ಇಟ್ಟು ತಂದುಕೊಟ್ಟೆಯಲ್ಲಪ್ಪ, ತಗೋ ಈ ಬೆಳ್ಳಿ ಪದಕ’ ಅಂತ ಕೈ ಚಾಚುತ್ತಾನೆ. ಅಷ್ಟರಲ್ಲಿ ನಡುವೆ ಬಂದು ನಿಲ್ಲುತ್ತಾನೆ ತಲುಪಿಸಿದವನ ಯಜಮಾನ. ‘ತಗೋಬೇಡ, ನಮ್ಮ ರೂಲ್ಸಿನಲ್ಲಿ ಅವಕಾಶ ಇಲ್ಲ!’

ಇದು ಯಾವುದೋ ಮಂಡಿಪೇಟೆಯ ತಕರಾರು ಅಲ್ಲ ಸ್ವಾಮಿ. 2012ರಲ್ಲಿ ಲಂಡನ್ನಿನಲ್ಲಿ ನಡೆದ ಸಂಗತಿ. ಕೊಡಲು ಬಂದದ್ದು ರಷ್ಯಾ ಸರ್ಕಾರ. ತಡೆದದ್ದು ಬ್ರಿಟನ್ನಿನ ವಿದೇಶಾಂಗ ಇಲಾಖೆ. ನಡುವೆ ಸಿಕ್ಕಿಕೊಂಡವರು ಎರಡನೇ ಮಹಾಯುದ್ಧದಲ್ಲಿ ಹಡಗಿನಲ್ಲಿ ದುಡಿದ ಮುದುಕರು. 1943ರಲ್ಲಿ 18ರ ಹುಡುಗನಾಗಿದ್ದವನಿಗೆ ಆಗ 87 ವರ್ಷ. ರೂಲ್ಸು ಓದಿ ಮುಗಿಸುವಷ್ಟು ಆಯಸ್ಸೂ ಕೈಯಲ್ಲಿ ಇಲ್ಲದ ವಯಸ್ಸು.

ಏನಿದು ಪದಕ? ಯಾಕೆ ಈ ಗಲಾಟೆ? ಮೊದಲಿನಿಂದ ನೋಡೋಣ.

ಮಂಜಿನ ದಾರಿ

1941ರ ಜೂನ್ 22. ಹಿಟ್ಲರನ ಸೇನೆ ರಷ್ಯಾದ ಮೇಲೆ ಬಿತ್ತು. ಕೆಲವೇ ವಾರಗಳಲ್ಲಿ ಸೋವಿಯತ್ ಒಕ್ಕೂಟದ ಕಾರ್ಖಾನೆ, ಗದ್ದೆ, ರೈಲು ಎಲ್ಲ ಜರ್ಮನರ ಪಾಲಾಗತೊಡಗಿದವು. ಬ್ರಿಟನ್ನಿಗೂ ರಷ್ಯಾಕ್ಕೂ ಹಿಂದೆ ಅಂಥ ಸ್ನೇಹ ಇರಲಿಲ್ಲ. ಆದರೆ ಶತ್ರು ಒಬ್ಬನೇ ಆದ ಮೇಲೆ ಹಳೆಯ ಮುನಿಸು ಎಲ್ಲಿ ಉಳಿಯುತ್ತೆ? ‘ನೀವು ಕಾದಾಡಿ, ಸಾಮಾನು ನಾವು ಕಳಿಸುತ್ತೇವೆ’ ಅಂತ ಮಾತಾಯಿತು.

ಮಾತೇನೋ ಸುಲಭ. ಸಾಮಾನು ಹೋಗಬೇಕಾದ ದಾರಿ ಯಾವುದು ಅಂತೀರಿ? ಭೂಪಟದಲ್ಲಿ ನಾರ್ವೆ ದೇಶದ ನೆತ್ತಿಯ ಮೇಲೆ ಬೆರಳಿಟ್ಟು ನೋಡಿ. ಅದರ ಮೇಲಿರುವುದು ಆರ್ಕ್‌ಟಿಕ್ ಕಡಲು. ಅದನ್ನು ಸುತ್ತಿ ಬಳಸಿ ರಷ್ಯಾದ ಮುರ್ಮಾನ್ಸ್ಕ್, ಆರ್ಕೇಂಜಲ್ ಬಂದರು ಸೇರಬೇಕು. ಬಲಗಡೆ ನಾರ್ವೆ ತುಂಬ ಜರ್ಮನರ ವಿಮಾನ ನಿಲ್ದಾಣಗಳು. ಅಲ್ಲಿನ ಕೊಲ್ಲಿಗಳಲ್ಲಿ ‘ಟಿರ್ಪಿಟ್ಸ್’ ಎಂಬ ದೈತ್ಯ ಯುದ್ಧನೌಕೆ ಹೊಂಚು ಹಾಕಿ ಕೂತಿತ್ತು. ನೀರಿನ ಕೆಳಗೆ ಸಬ್‌ಮೆರೀನುಗಳು. ಎಡಗಡೆ ಹೋಗೋಣ ಅಂದರೆ ಹೆಪ್ಪುಗಟ್ಟಿದ ಹಿಮ. ನಡುವೆ ಇದ್ದದ್ದೇ ಒಂದು ಓಣಿ.

ಬೇಸಿಗೆಯಲ್ಲಿ ಅಲ್ಲಿ ರಾತ್ರಿಯೇ ಇಲ್ಲ. ಇಪ್ಪತ್ನಾಲ್ಕು ಗಂಟೆಯೂ ಶತ್ರು ವಿಮಾನದ ಕಣ್ಣಿಗೆ ಹಡಗು ಕಾಣುತ್ತೆ. ಚಳಿಗಾಲದಲ್ಲಿ ಹಗಲೇ ಇಲ್ಲ. ಅಲೆ ಎದ್ದು ಹಡಗಿನ ಮೇಲೆ ಬಿದ್ದ ನೀರು ಬಿದ್ದಲ್ಲೇ ಗಡ್ಡೆ ಕಟ್ಟುತ್ತೆ. ಹಗ್ಗ, ಕಂಬ, ಫಿರಂಗಿ ಎಲ್ಲದರ ಮೇಲೂ ಮಂಜುಗಡ್ಡೆ. ಕೊಡಲಿ, ಸುತ್ತಿಗೆ ಹಿಡಿದು ಅದನ್ನು ಒಡೆದು ಒಡೆದು ಕಡಲಿಗೆ ಎಸೆಯಬೇಕು. ಸುಮ್ಮನೆ ಬಿಟ್ಟರೆ ಮೇಲ್ಭಾರ ಹೆಚ್ಚಿ ಹಡಗೇ ಮಗುಚಿಕೊಳ್ಳುತ್ತೆ. ನೀರಿಗೆ ಬಿದ್ದವನ ಆಯಸ್ಸು ಕೆಲವೇ ನಿಮಿಷ.

ಇಂಥ ದಾರಿಯಲ್ಲಿ ಮೊದಲ ಹಡಗುಸಾಲು ಆರ್ಕೇಂಜಲ್ ಮುಟ್ಟಿದ್ದು 1941ರ ಆಗಸ್ಟ್ 31ರಂದು. ಅಲ್ಲಿಂದ 1945ರ ಮೇ ತನಕ 78 ಸಾಲುಗಳು ಹೋಗಿ ಬಂದವು. ಸುಮಾರು 1,400 ವ್ಯಾಪಾರಿ ಹಡಗುಗಳು 40 ಲಕ್ಷ ಟನ್ನಿನಷ್ಟು ಸಾಮಾನು ಸಾಗಿಸಿದವು. ಟ್ಯಾಂಕು, ವಿಮಾನ, ಲಾರಿ, ಮದ್ದುಗುಂಡು, ಪೆಟ್ರೋಲು, ಆಹಾರ. 85 ವ್ಯಾಪಾರಿ ಹಡಗು, ಬ್ರಿಟನ್ನಿನ 16 ಯುದ್ಧನೌಕೆ ಮುಳುಗಿದವು. 3,000ಕ್ಕೂ ಹೆಚ್ಚು ಜನ ಆ ತಣ್ಣೀರಿನಲ್ಲಿ ಸತ್ತರು.

1942ರ ಜುಲೈನ ಒಂದು ಸಾಲಿನ ಕಥೆ ಕೇಳಿದರೆ ಸಾಕು. ಐಸ್‌ಲ್ಯಾಂಡಿನಿಂದ 35 ವ್ಯಾಪಾರಿ ಹಡಗು ಹೊರಟವು. ಟಿರ್ಪಿಟ್ಸ್ ಬರುತ್ತಿದೆ ಎಂದು ಹೆದರಿದ ಲಂಡನ್ನಿನ ನೌಕಾ ಕಚೇರಿ, ಜುಲೈ 4ರಂದು ‘ಸಾಲು ಮುರಿದು ಚದುರಿ ಹೋಗಿ’ ಅಂತ ಆಜ್ಞೆ ಹೊರಡಿಸಿತು. ಕಾವಲಿನ ನೌಕೆಗಳು ಬಿಟ್ಟು ಹೋದವು. ಟಿರ್ಪಿಟ್ಸ್ ಅವರ ಹತ್ತಿರವೂ ಬರಲಿಲ್ಲ. ಆದರೆ ಒಂಟಿಯಾದ ಹಡಗುಗಳನ್ನು ವಿಮಾನ, ಸಬ್‌ಮೆರೀನು ಸೇರಿ ಬೇಟೆಯಾಡಿದವು. 24 ಹಡಗು ತಳ ಸೇರಿತು. ಅವುಗಳ ಜೊತೆ 430 ಟ್ಯಾಂಕು, 210 ವಿಮಾನ, 3,350 ವಾಹನಗಳೂ ಹೋದವು.

ಒಂದು ಮಾತು ನೆನಪಿಡಬೇಕು. ಆ ಸಾಮಾನು ಹೊತ್ತ ಹಡಗಿನವರು ಸಿಪಾಯಿಗಳಲ್ಲ. ಘಾಟಿ ದಾಟುವ ಲಾರಿಯ ಡ್ರೈವರು, ಕ್ಲೀನರುಗಳ ಹಾಗೆ ಕೂಲಿಗೆ ದುಡಿಯುವವರು. ಒಲೆಗೆ ಕಲ್ಲಿದ್ದಲು ಹಾಕುವವರು, ಅಡುಗೆಯವರು, ಹಗ್ಗ ಎಳೆಯುವವರು.

ಚಿನ್ನ ಸಿಕ್ಕಿತು, ಪದಕ ಸಿಗಲಿಲ್ಲ

ರಷ್ಯಾದಿಂದ ವಾಪಸು ಬರುವಾಗಲೂ ಹಡಗುಗಳು ಬರಿಗೈಲಿ ಬರುತ್ತಿರಲಿಲ್ಲ. 1942ರ ಏಪ್ರಿಲ್ ಕೊನೆಯಲ್ಲಿ ‘ಎಡಿನ್‌ಬರೋ’ ಎಂಬ ಬ್ರಿಟಿಷ್ ಯುದ್ಧನೌಕೆ ಮುರ್ಮಾನ್ಸ್ಕ್‌ನಿಂದ ಹೊರಟಾಗ ಅದರ ಹೊಟ್ಟೆಯಲ್ಲಿ 465 ಚಿನ್ನದ ಗಟ್ಟಿಗಳಿದ್ದವು. ಸುಮಾರು ನಾಲ್ಕೂವರೆ ಟನ್. ತರಿಸಿಕೊಂಡ ಮಾಲಿಗೆ ಸೋವಿಯತ್ ಸರ್ಕಾರ ಕೊಟ್ಟ ಬೆಲೆ. ದಾರಿಯಲ್ಲಿ ಟಾರ್ಪೆಡೋ ಬಡಿದು ಹಡಗು ಮೇ 2ರಂದು ಮುಳುಗಿತು.

ಆಮೇಲೆ? 1981ರಲ್ಲಿ ಮುಳುಗುಗಾರರು ಕಡಲ ತಳಕ್ಕೆ ಇಳಿದು 431 ಗಟ್ಟಿ ಎತ್ತಿದರು. 1986ರಲ್ಲಿ ಇನ್ನೂ 29 ಎತ್ತಿದರು. ಐದು ಗಟ್ಟಿ ಮಾತ್ರ ಮೀನುಗಳ ಪಾಲಿಗೆ ಉಳಿಯಿತು. ಲೆಕ್ಕ ಅಂದರೆ ಹೀಗಿರಬೇಕು!

ಆದರೆ ಆ ದಾರಿಯಲ್ಲಿ ಓಡಾಡಿದ ಮನುಷ್ಯರ ಲೆಕ್ಕ? ಮುಳುಗಿದ ಚಿನ್ನ ಹುಡುಕಿ ತರಲು 39 ವರ್ಷ ಸಾಕಾಯಿತು. ಬದುಕಿ ಬಂದವರ ಎದೆಗೆ ಅವರದೇ ಸರ್ಕಾರ ಆ ಕಡಲಿನ ಹೆಸರಿನ ಒಂದು ಪದಕ ಹಾಕಲು 2013ರ ತನಕ ಬೇಕಾಯಿತು.

ಯುದ್ಧ ಮುಗಿದಾಗ ಬ್ರಿಟಿಷ್ ಸರ್ಕಾರ ಕೊಟ್ಟ ಉತ್ತರ ಏನೆಂದರೆ, ‘ಅಟ್ಲಾಂಟಿಕ್ ಕಡಲಿಗೆ ಒಂದು ಪದಕ ಇದೆ. ನಿಮ್ಮದೂ ಅದರಲ್ಲೇ ಸೇರಿತು, ಹೋಗಿ.’ ಮುಂದೆ ರಷ್ಯಾಕ್ಕೂ ಪಶ್ಚಿಮದ ದೇಶಗಳಿಗೂ ಶೀತಲ ಸಮರ ಶುರುವಾಯಿತು. ರಷ್ಯಾಕ್ಕೆ ನೆರವಾದವರನ್ನು ಹಾಡಿ ಹೊಗಳುವ ಉತ್ಸಾಹ ಯಾರಿಗಿತ್ತು? ಮುದುಕರು ಬಿಳಿ ಟೋಪಿ ತೊಟ್ಟು ವರ್ಷಾವರ್ಷ ಸ್ಮಾರಕಗಳ ಮುಂದೆ ನಿಂತರು, ಅರ್ಜಿ ಬರೆದರು, ಸಂಸದರ ಬಾಗಿಲು ತಟ್ಟಿದರು. 2006ರಲ್ಲಿ ಕೋಟಿನ ಕಾಲರಿಗೆ ಸಿಕ್ಕಿಸುವ ಒಂದು ಬಿಲ್ಲೆ ಕೊಟ್ಟರು. ಪದಕ ಅಲ್ಲ, ಬಿಲ್ಲೆ! ಮದುವೆ ಮನೆಯಲ್ಲಿ ಊಟಕ್ಕೆ ಕೂರಿಸದೆ ತಾಂಬೂಲ ಕೊಟ್ಟು ಕಳಿಸಿದ ಹಾಗೆ.

ಕೊನೆಗೆ 2012ರ ಡಿಸೆಂಬರಿನಲ್ಲಿ ಪ್ರಧಾನಿ ಡೇವಿಡ್ ಕ್ಯಾಮರಾನ್ ‘ಆರ್ಕ್‌ಟಿಕ್ ಸ್ಟಾರ್’ ಎಂಬ ಪದಕ ಘೋಷಿಸಿದರು. 2013ರ ಮಾರ್ಚಿನಲ್ಲಿ ಮೊದಲ ಪದಕಗಳನ್ನು ಹಂಚಿದರು.

ರಷ್ಯಾ ಅಂದಿತು ತಗೊಳ್ಳಿ, ಲಂಡನ್ ಅಂದಿತು ಬೇಡ

ಈ ನಡುವೆಯೇ ರಷ್ಯಾ ತನ್ನ ಕೈ ಚಾಚಿತು. ಆ ದೇಶದ್ದು ‘ಉಷಕೋವ್ ಪದಕ’ ಅಂತ ಒಂದಿದೆ. ಹದಿನೆಂಟನೇ ಶತಮಾನದ ನೌಕಾಪತಿ ಫ್ಯೋದರ್ ಉಷಕೋವ್ ಹೆಸರಿನದು. 1944ರಲ್ಲಿ ಯುದ್ಧದ ನಡುವೆಯೇ ಸ್ಥಾಪನೆಯಾದದ್ದು. ಹೆಸರು ದೊಡ್ಡ ಅಧಿಕಾರಿಯದಾದರೂ ಪದಕ ಇರುವುದು ಸಾಮಾನ್ಯ ನಾವಿಕರಿಗೆ. ‘ನಮ್ಮ ಮಕ್ಕಳು ಹಸಿದಿದ್ದಾಗ ಅನ್ನ ತಂದವರು, ನಮ್ಮ ಸೈನಿಕರ ಕೈ ಬರಿದಾದಾಗ ಮದ್ದು ತಂದವರು ಇವರು. ಬದುಕಿರುವವರಿಗೆಲ್ಲ ಇದನ್ನು ಕೊಡುತ್ತೇವೆ’ ಎಂಬುದು ರಷ್ಯಾದ ಭಾವನೆ.

ಅಮೆರಿಕ ಒಪ್ಪಿತು. ಕೆನಡಾ ಒಪ್ಪಿತು. ಆಸ್ಟ್ರೇಲಿಯಾ ಒಪ್ಪಿತು. ಒಂದೇ ಕಡಲಿನಲ್ಲಿ, ಒಂದೇ ಸಾಲಿನಲ್ಲಿ ದುಡಿದವರು. ಆದರೆ ಬ್ರಿಟನ್ನಿನ ವಿದೇಶಾಂಗ ಇಲಾಖೆ ಮಾತ್ರ 2012ರಲ್ಲಿ ‘ಸಾಧ್ಯವಿಲ್ಲ’ ಅಂದುಬಿಟ್ಟಿತು. ಕಾರಣ ಎರಡು. ಒಂದು, ಪರದೇಶದ ಪದಕ ಪಡೆಯಬೇಕಾದರೆ ಆ ಸೇವೆ ಕಳೆದ ಐದು ವರ್ಷದೊಳಗೆ ನಡೆದಿರಬೇಕು. ಎರಡು, ಅದೇ ಸೇವೆಗೆ ಬ್ರಿಟಿಷ್ ಗೌರವ ಸಿಕ್ಕಿರಬಾರದು.

ಚಮತ್ಕಾರ ನೋಡಿ! 70 ವರ್ಷ ಪದಕ ಕೊಡದೆ ಸತಾಯಿಸಿದ್ದು ಇವರೇ. ಕೊಟ್ಟ ಮೇಲೆ ‘ಈಗ ನಮ್ಮದು ಸಿಕ್ಕಿತಲ್ಲ, ಅವರದ್ದು ಯಾಕೆ?’ ಅನ್ನುವವರೂ ಇವರೇ. ಇನ್ನು ಐದು ವರ್ಷದ ರೂಲ್ಸು ಪಾಲಿಸಬೇಕಾದರೆ ಆ ಮುದುಕರು 80 ದಾಟಿದ ಮೇಲೆ ಮತ್ತೊಮ್ಮೆ ಆರ್ಕ್‌ಟಿಕ್ ಕಡಲಿಗೆ ಹೋಗಿ ಮಂಜು ಒಡೆಯಬೇಕಿತ್ತೇನೋ!

ರೂಲ್ಸಿಗೂ ಒಂದು ಅರ್ಥ ಇದೆ

ಹಾಗಂತ ಆ ರೂಲ್ಸು ಬರೆದವರು ದಡ್ಡರಲ್ಲ. ಪರದೇಶದ ಸರ್ಕಾರ ತನಗೆ ಬೇಕಾದವರಿಗೆ ಬೇಕಾದಾಗ ಪದಕ ಹಂಚಿ ಇನ್ನೊಂದು ದೇಶದ ಪ್ರಜೆಗಳನ್ನು ಒಲಿಸಿಕೊಳ್ಳಬಾರದು ಅನ್ನುವುದು ನ್ಯಾಯವಾದ ಮಾತೇ. ಇವತ್ತು ಪದಕ, ನಾಳೆ ಇನ್ನೇನೋ. ಅದಕ್ಕೇ ಬ್ರಿಟನ್ನಿನಲ್ಲಿ ಪರದೇಶದ ಗೌರವಕ್ಕೆ ಅರಮನೆಯ ಒಪ್ಪಿಗೆ ಬೇಕು. ನಮ್ಮ ಸಂವಿಧಾನದ 18ನೇ ವಿಧಿಯೂ ಭಾರತದ ಪ್ರಜೆ ಪರದೇಶದಿಂದ ಬಿರುದು ಸ್ವೀಕರಿಸುವಂತಿಲ್ಲ ಅನ್ನುತ್ತೆ. ಸರ್ಕಾರಿ ಹುದ್ದೆಯಲ್ಲಿದ್ದವರು ಪರದೇಶದಿಂದ ಉಡುಗೊರೆ ಪಡೆಯಬೇಕಾದರೂ ರಾಷ್ಟ್ರಪತಿಗಳ ಅನುಮತಿ ಬೇಕು. ಬೇಲಿ ಬೇಕು, ನಿಜ. ಆದರೆ ದನ ಕಾಯಲು ಹಾಕಿದ ಬೇಲಿ ಮನೆಯ ಮುದುಕನ ದಾರಿಯನ್ನೇ ಕಟ್ಟಿದರೆ ಹೇಗೆ?

ಈ ಬೇಲಿ ಎಷ್ಟು ತಮಾಷೆಯಾಗಬಹುದು ಎನ್ನುವುದಕ್ಕೆ ಇನ್ನೊಂದು ಉದಾಹರಣೆ. ಇದು ಮಹಾಯುದ್ಧದ್ದಲ್ಲ, ಆಮೇಲಿನದು. 1957ರಿಂದ 1966ರವರೆಗೆ ಮಲೇಷ್ಯಾದ ರಕ್ಷಣೆಗೆ ನಿಂತ ಬ್ರಿಟಿಷ್ ಸೈನಿಕರಿಗೆ ಆ ದೇಶ ಒಂದು ಪದಕ ಕೊಡಲು ಮುಂದಾಯಿತು. ಲಂಡನ್ನಿನ ತೀರ್ಪು 2006ರಲ್ಲಿ ಹೊರಬಿತ್ತು. ‘ಪದಕ ತಗೊಳ್ಳಬಹುದು. ಆದರೆ ಹಾಕಿಕೊಳ್ಳುವಂತಿಲ್ಲ!’ ಪೆಟ್ಟಿಗೆಯಲ್ಲಿಟ್ಟು ನೋಡಿ ಸಂತೋಷಪಡಬೇಕು ಅಷ್ಟೆ. ಆಸ್ಟ್ರೇಲಿಯಾದವರು ಅದೇ ಪದಕ ಹಾಕಿಕೊಂಡು ಮೆರವಣಿಗೆಯಲ್ಲಿ ನಡೆದರು. ಬ್ರಿಟಿಷರಿಗೆ ಹಾಕಿಕೊಳ್ಳುವ ಅನುಮತಿ ಸಿಗಲು ಇನ್ನೂ ಐದು ವರ್ಷ ಹಿಡಿಯಿತು. ಹೊಸ ಸೀರೆ ಕೊಡಿಸಿ ‘ಉಡಬೇಡ’ ಅಂದ ಗಂಡನ ಕಥೆ ಆಯಿತು.

ಆರ್ಕ್‌ಟಿಕ್ ನಾವಿಕರ ಗಂಟು ಬಿಚ್ಚಿದ್ದು 2013ರ ಜೂನ್‌ನಲ್ಲಿ. ರಷ್ಯಾದ ಅಧ್ಯಕ್ಷ ಪುಟಿನ್ ಲಂಡನ್ನಿಗೆ ಬಂದಿದ್ದಾಗ ಪ್ರಧಾನಿ ಕ್ಯಾಮರಾನ್ ‘ಈ ಪದಕಕ್ಕೆ ವಿನಾಯಿತಿ ಕೊಟ್ಟಿದ್ದೇವೆ’ ಎಂದರು. ಒಂದು ವರ್ಷದ ಹಿಂದೆ ಆಗದ್ದು ಈಗ ಹೇಗಾಯಿತು? ಯುದ್ಧದ ತಾರೀಖು ಬದಲಾಗಿರಲಿಲ್ಲ. ಐದು ವರ್ಷದ ಲೆಕ್ಕವೂ ಬದಲಾಗಿರಲಿಲ್ಲ. ದೊಡ್ಡವರ ಮನಸ್ಸು ಬದಲಾಯಿತು, ಅಷ್ಟೇ. ಬದುಕಿದ್ದವರು ಪದಕ ಪಡೆದರು. ಆ ಒಂದು ವರ್ಷದಲ್ಲಿ ಕಣ್ಣು ಮುಚ್ಚಿದವರಿಗೆ ಅದು ಸಿಗಲಿಲ್ಲ.

ಇನ್ನೊಂದು ಸಂಗತಿಯೂ ಇದೆ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಸೇರಿಸಿಕೊಂಡಿತು. 2022ರಲ್ಲಿ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಲಂಡನ್ನು ಮಾಸ್ಕೋಗಳ ನಂಟು ಪೂರ್ತಿ ಹಳಸಿತು. 2013ರಲ್ಲಿ ಆ ಬಾಗಿಲು ತೆರೆಯದೇ ಹೋಗಿದ್ದರೆ ಆಮೇಲೆ ಯಾರು ತೆರೆಯುತ್ತಿದ್ದರು? ಸರ್ಕಾರಗಳ ಸ್ನೇಹ ಮಳೆಗಾಲದ ಬಿಸಿಲಿದ್ದ ಹಾಗೆ. ಬಿದ್ದಾಗಲೇ ಕಾಳು ಒಣಗಿಸಿಕೊಳ್ಳಬೇಕು.

ಫ್ರಾನ್ಸಿನ ಕೆಂಪು ರಿಬ್ಬನ್

ಕೊಡುವವನ ಮನಸ್ಸೂ ಚೆನ್ನಾಗಿದ್ದು, ತಡೆಯುವವನೂ ಇಲ್ಲದಿದ್ದರೆ ಎಲ್ಲ ಸಲೀಸಾಗುತ್ತದೆಯೇ? ಅದೂ ಇಲ್ಲ. ಫ್ರಾನ್ಸಿನ ಕಥೆ ಕೇಳಿ.

ಫ್ರಾನ್ಸಿನ ಅತಿ ದೊಡ್ಡ ಗೌರವ ‘ಲೀಜಿಯನ್ ಆಫ್ ಆನರ್’. 1802ರಲ್ಲಿ ನೆಪೋಲಿಯನ್ ಶುರು ಮಾಡಿದ್ದು. ಐದು ದರ್ಜೆ, ಕೆಂಪು ರಿಬ್ಬನ್. ನಮ್ಮ ಸತ್ಯಜಿತ್ ರಾಯ್, ಬೆಂಗಳೂರಿನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೂ ಸಂದಿರುವ ಗೌರವ ಇದೇ.

ಮೊದಲನೇ ಮಹಾಯುದ್ಧ ಮುಗಿದು 80 ವರ್ಷ ತುಂಬಿದ 1998ರಲ್ಲಿ, ತನ್ನ ನೆಲದಲ್ಲಿ ಹೋರಾಡಿ ಇನ್ನೂ ಬದುಕಿದ್ದ ಮಿತ್ರರಾಷ್ಟ್ರಗಳ ಸೈನಿಕರಿಗೆ ಫ್ರಾನ್ಸ್ ಇದನ್ನು ಕೊಡಲು ತೀರ್ಮಾನಿಸಿತು. ಬ್ರಿಟನ್ನಿನ ಹ್ಯಾರಿ ಪ್ಯಾಚ್ 1917ರಲ್ಲಿ ಬೆಲ್ಜಿಯಂನ ಕೆಸರುಗುಂಡಿಗಳಲ್ಲಿ ಕಾದಾಡಿದವರು. ಯುದ್ಧ ಮುಗಿದ ಮೇಲೆ ಊರಿಗೆ ಬಂದು ನಲ್ಲಿ, ಪೈಪು ರಿಪೇರಿ ಮಾಡಿಕೊಂಡಿದ್ದ ಪ್ಲಂಬರ್. ನೂರು ವರ್ಷ ತುಂಬುವ ತನಕ ಯುದ್ಧದ ಬಗ್ಗೆ ಬಾಯಿ ಬಿಟ್ಟವರಲ್ಲ. 1999ರಲ್ಲಿ ಅವರಿಗೆ ಫ್ರಾನ್ಸಿನ ಪದಕ ಬಂತು. ಕಾದಾಡಿದ್ದಕ್ಕೂ ಗೌರವಕ್ಕೂ ನಡುವೆ 82 ವರ್ಷ! 2009ರಲ್ಲಿ 111ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಷ್ಟು ಆಯಸ್ಸು ಎಷ್ಟು ಜನರಿಗಿರುತ್ತೆ ಹೇಳಿ.

ಎರಡನೇ ಮಹಾಯುದ್ಧದವರ ಸರದಿ 2014ರಲ್ಲಿ ಬಂತು. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸುಮಾರು 1,56,000 ಸೈನಿಕರು ನಾರ್ಮಂಡಿ ತೀರಕ್ಕೆ ಬಂದಿಳಿದು ಫ್ರಾನ್ಸಿನ ಬಿಡುಗಡೆಗೆ ನಾಂದಿ ಹಾಡಿದ್ದರು. ಅದರ 70ನೇ ವರ್ಷಕ್ಕೆ ಅಧ್ಯಕ್ಷ ಒಲಾಂಡ್ ಅವರು ಆ ಹೋರಾಟದಲ್ಲಿದ್ದು ಬದುಕಿರುವ ಎಲ್ಲ ಬ್ರಿಟಿಷರಿಗೂ ಈ ಗೌರವ ಎಂದು ಮಾತು ಕೊಟ್ಟರು. ಸಾವಿರಾರು ಅರ್ಜಿ ಬಂದವು. ಅರ್ಜಿ ಮೊದಲು ಲಂಡನ್ನಿನ ರಕ್ಷಣಾ ಇಲಾಖೆಗೆ ಹೋಗಬೇಕು. ಅಲ್ಲಿ ದಾಖಲೆ ಪರೀಕ್ಷೆ. ಆಮೇಲೆ ಪ್ಯಾರಿಸ್. ಅಲ್ಲಿ ಇನ್ನೊಂದು ಪರೀಕ್ಷೆ. ವರ್ಷಕ್ಕೆ ಇಷ್ಟೇ ಜನರಿಗೆ ಕೊಡುವ ಅಭ್ಯಾಸವಿದ್ದ ಕಚೇರಿಗೆ ಒಮ್ಮೆಲೇ ಪ್ರವಾಹ ಬಂದ ಹಾಗಾಯಿತು. 2015ರಲ್ಲಿ ‘ಅಜ್ಜಂದಿರು ಕಾಯುತ್ತಾ ಕಾಯುತ್ತಾ ಸಾಯುತ್ತಿದ್ದಾರೆ’ ಅಂತ ಮನೆಯವರು ಕೂಗೆಬ್ಬಿಸಿದರು. ಆಗ ಪದ್ಧತಿ ಸರಳ ಮಾಡಿದರು, ಪದಕಗಳು ಹೊರಟವು. ಎಷ್ಟೋ ಜನರಿಗೆ ಬಂದದ್ದು ಅಂಚೆಯಲ್ಲಿ. ಬೆಳಿಗ್ಗೆ ಬಾಗಿಲು ತೆರೆದರೆ ಪೋಸ್ಟ್‌ಮ್ಯಾನ್ ಕೈಯಲ್ಲಿ ನೆಪೋಲಿಯನ್ನನ ಪದಕ!

ಅಂಚೆಯಲ್ಲಾದರೂ ಬಂತಲ್ಲ, ಸಂತೋಷ. ಯಾಕೆಂದರೆ ಈ ಗೌರವ ಬದುಕಿರುವವರಿಗೆ ಮಾತ್ರ. ಬ್ರಿಟನ್ನಿನ ಆರ್ಕ್‌ಟಿಕ್ ಸ್ಟಾರ್ ಆದರೆ ಸತ್ತವರ ಪರವಾಗಿ ಹೆಂಡತಿ ಮಕ್ಕಳು ಕೇಳಿ ಪಡೆಯಬಹುದು. ಫ್ರಾನ್ಸಿನದು ಹಾಗಲ್ಲ. ಕಡತ ಮೇಜಿನ ಮೇಲಿದ್ದು ಮನುಷ್ಯ ಮಣ್ಣಿನ ಕೆಳಗೆ ಹೋದರೆ ಮುಗಿಯಿತು.

ಕಾಯದೆ ಪಡೆದ ಇಬ್ಬರು ಭಾರತೀಯರು

ಬೇಗ ಕೊಡಲು ಆಗುವುದೇ ಇಲ್ಲ ಅಂತ ಯಾರಾದರೂ ವಾದಿಸಿದರೆ ಅವರಿಗೆ ಹೇಳಲು ನಮ್ಮವರದೇ ಉದಾಹರಣೆ ಇದೆ.

ರಷ್ಯಾಕ್ಕೆ ಸಾಮಾನು ಹೋದದ್ದು ಮಂಜುಗಡಲಿನಿಂದ ಮಾತ್ರವಲ್ಲ. ಪರ್ಷಿಯಾ ಕೊಲ್ಲಿಯಲ್ಲಿ ಇಳಿಸಿ ಇರಾನಿನ ಬೆಟ್ಟ, ಮರುಭೂಮಿ ದಾಟಿಸಿ ಲಾರಿ, ರೈಲುಗಳಲ್ಲೂ ಸಾಗಿಸುತ್ತಿದ್ದರು. ಅಲ್ಲಿ ಲಾರಿ ಓಡಿಸಿದವರಲ್ಲಿ ಬ್ರಿಟಿಷ್ ಇಂಡಿಯಾ ಸೈನ್ಯದ ಸರಬರಾಜು ದಳದ ಜವಾನರೂ ಇದ್ದರು. ಅವರಲ್ಲಿ ಇಬ್ಬರಿಗೆ, ನಮ್ಮ ಪಕ್ಕದ ತಮಿಳುನಾಡಿನ ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಉತ್ತರಾಖಂಡದ ಹವಾಲ್ದಾರ್ ಗಜೇಂದ್ರ ಸಿಂಗ್ ಅವರಿಗೆ, ಸೋವಿಯತ್ ಸರ್ಕಾರ ‘ಕೆಂಪು ನಕ್ಷತ್ರ’ ಪದವಿ ಕೊಟ್ಟಿತು. ಯಾವಾಗ? 1944ರಲ್ಲಿ. ಯುದ್ಧ ಇನ್ನೂ ನಡೆಯುತ್ತಿದ್ದಾಗ!

ಅದೇ ಯುದ್ಧ, ಅದೇ ರಷ್ಯಾ, ಅದೇ ಬ್ರಿಟಿಷ್ ಆಡಳಿತ. ಆಗ ಐದು ವರ್ಷದ ಲೆಕ್ಕ ಯಾರೂ ಕೇಳಲಿಲ್ಲ. ಮಾಲು ಮುಟ್ಟಿತು, ಗೌರವ ಸಂದಿತು. ವ್ಯಾಪಾರದಲ್ಲಿ ಇದಕ್ಕೆ ರೊಕ್ಕದ ವ್ಯವಹಾರ ಅಂತಾರೆ. ಹಡಗಿನವರದು 70 ವರ್ಷದ ಉದ್ದರಿ ಆಯಿತು.

ಬೆಳ್ಳಿ ಎಷ್ಟು ಗ್ರಾಂ?

‘ಅಲ್ಲ, ಎಂಬತ್ತು ತೊಂಬತ್ತು ದಾಟಿದವರಿಗೆ ಈ ಪದಕ ಯಾಕೆ? ಅಕ್ಕಸಾಲಿಗನಿಗೆ ಕೊಟ್ಟರೆ ಎಷ್ಟು ಬರುತ್ತೆ?’ ಅಂತ ಕೇಳುವವರಿದ್ದಾರೆ. ತೂಕದ ಲೆಕ್ಕ ಹಾಕಿದರೆ ಏನೂ ಇಲ್ಲ, ನಿಜ. ಆದರೆ ಆ ನಾವಿಕರು ಕೇಳಿದ್ದು ಬೆಳ್ಳಿಯನ್ನಲ್ಲ. ಪಕ್ಕದಲ್ಲಿ ನಿಂತು ಮಂಜು ಒಡೆಯುತ್ತಿದ್ದ ಗೆಳೆಯ ನೀರಿಗೆ ಬಿದ್ದು ನಾಲ್ಕು ನಿಮಿಷದಲ್ಲಿ ಕಾಣದಾಗಿದ್ದ. ಅವನ ಸಾವು ಒಂದು ಲೆಕ್ಕಕ್ಕೆ ಬಂತು, ಆ ದಾರಿಗೆ ಒಂದು ಹೆಸರಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಲಿ ಅನ್ನುವುದು ಅವರ ಆಸೆಯಾಗಿತ್ತು. ಪರದೇಶದವರು ಹೇಳಿದಾಗ ಅದಕ್ಕೆ ಇನ್ನೂ ಬೆಲೆ. ಯಾಕೆಂದರೆ ಅವರು ಉಂಡವರು.

ನಮ್ಮಲ್ಲಿ ಸರ್ಕಾರಿ ಪಿಂಚಣಿದಾರರು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ‘ಇನ್ನೂ ಬದುಕಿದ್ದೇನೆ’ ಅಂತ ಸರ್ಟಿಫಿಕೇಟು ಕೊಡಬೇಕು. ಮುದುಕರು ಬದುಕಿದ್ದಾರೋ ಇಲ್ಲವೋ ಎಂದು ಕಚೇರಿಗಳು ವಿಚಾರಿಸುವುದು ಸರಿಯೇ. ಹಾಗೇ ಮುದುಕರೂ ಒಮ್ಮೊಮ್ಮೆ ಕಚೇರಿಗಳನ್ನು ಕೇಳಬೇಕಾಗುತ್ತದೆ, ‘ನಮ್ಮ ಕಡತ ಬದುಕಿದೆಯಾ ಸ್ವಾಮಿ?’

ಗೌರವ ಕೊಡಬೇಕೆಂದು ಮನಸ್ಸಿರುವ ಸರ್ಕಾರ ಮೊದಲು ನೋಡಬೇಕಾದ್ದು ರೂಲ್ಸು ಪುಸ್ತಕ ಅಲ್ಲ, ಕ್ಯಾಲೆಂಡರು. ಎರಡನೇ ಮಹಾಯುದ್ಧದಲ್ಲಿ 18 ವರ್ಷದವರಾಗಿದ್ದವರು ಇವತ್ತು ನೂರರ ಆಸುಪಾಸಿನಲ್ಲಿದ್ದಾರೆ. ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ. ಅವರ ಪೈಕಿ ಯಾರಿಗಾದರೂ ಯಾವ ದೇಶದಿಂದಾದರೂ ಒಂದು ‘ಥ್ಯಾಂಕ್ಸ್’ ಬಾಕಿ ಇದ್ದರೆ, ಅದು ಮುಂದಿನ ಸಭೆಗೆ ಕಾಯುವಂಥದ್ದಲ್ಲ.